'ಅವರು ನಿಜವಾಗ್ಲೂ ಹಂಗಂದ್ರಾ?': ಚುನಾವಣೆ ಹೊತ್ತಿನ 'ವಿವಾದಾತ್ಮಕ ಹೇಳಿಕೆ'ಯನ್ನು ಪರೀಕ್ಷಿಸುವ ಬಗೆ

ಚುನಾವಣೆ ದಿನಾಂಕ ಘೋಷಣೆಯಾಗಿದ್ದೇ ತಡ, ಓದುಗರಿಂದ ನನಗೆ ಒಂದೇ ಧಾಟಿಯ ಪ್ರಶ್ನೆ ಬರಲು ಶುರುವಾಗುತ್ತದೆ. 'ಸರ್, ಅವರು ನಿಜವಾಗ್ಲೂ ಹಂಗಂದ್ರಾ?' ಜೊತೆಗೆ ಹದಿನೈದು ಸೆಕೆಂಡಿನ ವಿಡಿಯೊ ತುಣುಕು, ಅದರ ಮೇಲೆ ಕೆಂಪು ಅಕ್ಷರದಲ್ಲಿ 'ನಾಲಿಗೆ ಹರಿಬಿಟ್ಟ ನಾಯಕ'. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು, ಇಂಥ ತುಣುಕನ್ನು ನಾನು ಹೇಗೆ ಪರೀಕ್ಷಿಸುತ್ತೇನೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಸುದ್ದಿಮನೆಯ ಡೆಸ್ಕ್‌ನಲ್ಲಿ ವರ್ಷಗಟ್ಟಲೆ ಕೂತು ಕಲಿತದ್ದು ಇದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಯಿತಪ್ಪಿ ಬಂದ ಒಂದು ಪದವನ್ನು ಹಿಡಿದು ಮೂರು ದಿನ ಜಗ್ಗಾಡುವುದು ಮತದಾರನಿಗೆ ಮಾಡುವ ಅನ್ಯಾಯ. ಕುಡಿಯುವ ನೀರು, ಬೆಳೆ ಪರಿಹಾರ, ನೇಮಕಾತಿ ಹಗರಣದ ಬಗ್ಗೆ ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆಗಳು ಆ ಮೂರು ದಿನದಲ್ಲಿ ಮುಳುಗಿ ಹೋಗುತ್ತವೆ. ಹಾಗಂತ ನಾಯಕರು ಆಡಿದ್ದನ್ನೆಲ್ಲ 'ಪಾಪ, ಬಾಯಿತಪ್ಪಿತು' ಎಂದು ಬಿಟ್ಟುಬಿಡುವುದೂ ಸರಿಯಲ್ಲ. ಯಾವುದು ಬಾಯಿತಪ್ಪು, ಯಾವುದು ಮನದ ಮಾತು ಎಂದು ಬೇರ್ಪಡಿಸಲು ಸ್ವಲ್ಪ ತಾಳ್ಮೆ ಬೇಕು.

ಏನೇನು ಬೇಕು

ಒಂದು ಮೊಬೈಲ್, ಒಂದು ಜೊತೆ ಇಯರ್‌ಫೋನ್, ಇಪ್ಪತ್ತು ನಿಮಿಷ. ಇಯರ್‌ಫೋನ್ ಏಕೆಂಬುದು ಎರಡನೇ ಹಂತದಲ್ಲಿ ಗೊತ್ತಾಗುತ್ತದೆ.

ಸುದ್ದಿಮನೆಯ ನಾಲ್ಕು ಪದಗಳನ್ನೂ ತಿಳಿದುಕೊಂಡಿರಿ. ನಾಯಕರು ಮೈಕ್ ಮುಂದೆ ಆಡಿದ ಮಾತಿನ ತುಣುಕು ಬೈಟ್. ಅದನ್ನು ಎದುರಾಳಿಗೆ ತೋರಿಸಿ ಪಡೆದ ಪ್ರತ್ಯುತ್ತರ ಕೌಂಟರ್ ಬೈಟ್. ಪತ್ರಿಕೆಯ ಭಾಷೆಯಲ್ಲಿ 'ತಿರುಗೇಟು', ಟೀವಿಯಲ್ಲಿ 'ಟಾಂಗ್'. ಬೈಟ್‌ಗಳಿಗೆ ಹಿನ್ನೆಲೆ ಸಂಗೀತ, ನಿರೂಪಣೆ ಸೇರಿಸಿ ಹೊಲಿದದ್ದು ಪ್ಯಾಕೇಜ್. ವಿಡಿಯೊ ತೆರೆಯುವ ಮುನ್ನ ಕಾಣುವ ಚಿತ್ರ ಥಂಬ್‌ನೇಲ್. ಥಂಬ್‌ನೇಲ್‌ನಲ್ಲಿ ಬರೆದದ್ದು ಒಳಗಿನ ವಿಡಿಯೊದಲ್ಲಿ ಇರುತ್ತದೆ ಎಂದು ಯಾವತ್ತೂ ಭಾವಿಸಬೇಡಿ.

ಹಂತ 1: ಪೂರ್ತಿ ಭಾಷಣ ಹುಡುಕಿ

ಈಗ ಬಹುತೇಕ ಎಲ್ಲ ದೊಡ್ಡ ಸಭೆಗಳೂ ಪಕ್ಷಗಳ ಯೂಟ್ಯೂಬ್ ಚಾನೆಲ್‌ನಲ್ಲಿ ನೇರಪ್ರಸಾರವಾಗುತ್ತವೆ. ನಾಯಕರ ಹೆಸರು, ಊರಿನ ಹೆಸರು, ದಿನಾಂಕ ಹಾಕಿ ಹುಡುಕಿ. ಸಿಕ್ಕಿದ ಮೇಲೆ ವಿವಾದದ ವಾಕ್ಯಕ್ಕಿಂತ ಐದು ನಿಮಿಷ ಹಿಂದಿನಿಂದ ಕೇಳಲು ಶುರುಮಾಡಿ, ಮುಗಿದ ಮೇಲೂ ಎರಡು ನಿಮಿಷ ಕೇಳಿ.

ಇದೇಕೆ ಮುಖ್ಯ ಎನ್ನುವುದಕ್ಕೆ ಅಮೆರಿಕದ 2012ರ ಅಧ್ಯಕ್ಷೀಯ ಚುನಾವಣೆಯಂಥ ಉದಾಹರಣೆ ಇನ್ನೊಂದಿಲ್ಲ. ಅದೇ ವರ್ಷ ಎರಡೂ ಕಡೆಯವರು ಇದೇ ಕತ್ತರಿಗೆ ಸಿಕ್ಕರು. ರಿಪಬ್ಲಿಕನ್ ಪಕ್ಷದ ಮಿಟ್ ರೋಮ್ನಿ ಜನವರಿಯಲ್ಲಿ, ಸೇವೆ ಸರಿಯಿಲ್ಲದ ವಿಮಾ ಕಂಪನಿಯನ್ನು ಬಿಟ್ಟು ಬೇರೆಯದಕ್ಕೆ ಹೋಗುವ ಸ್ವಾತಂತ್ರ್ಯ ಇರಬೇಕು ಎಂದು ವಿವರಿಸುತ್ತಾ, ತಮಗೆ ಸೇವೆ ಕೊಡುವವರನ್ನು ಕಿತ್ತುಹಾಕಲು ಸಾಧ್ಯವಿರುವುದು ತನಗಿಷ್ಟ ಎಂದರು. ಉಳಿದದ್ದು ಕತ್ತರಿಸಿ ಹೋಗಿ, 'ಜನರನ್ನು ಕೆಲಸದಿಂದ ಕಿತ್ತುಹಾಕುವುದೆಂದರೆ ಇವರಿಗೆ ಖುಷಿ' ಎಂಬಷ್ಟೇ ಉಳಿಯಿತು. ಜುಲೈನಲ್ಲಿ ಬರಾಕ್ ಒಬಾಮಾ ವರ್ಜೀನಿಯಾದ ರೋನೋಕ್‌ನಲ್ಲಿ, ರಸ್ತೆ ಸೇತುವೆಗಳನ್ನು ಯಾರೋ ಕಟ್ಟಿದ್ದರಿಂದಲೇ ನಿಮ್ಮ ವ್ಯಾಪಾರ ನಡೆಯುತ್ತಿದೆ ಎನ್ನುತ್ತಾ 'ಅದನ್ನು ಕಟ್ಟಿದ್ದು ನೀವಲ್ಲ' ಎಂದರು. 'ಅದನ್ನು' ಎಂದರೆ ಸೇತುವೆಯನ್ನೋ ವ್ಯಾಪಾರವನ್ನೋ? ಒಂದು ಸರ್ವನಾಮದ ಮೇಲೆ ಎದುರಾಳಿಗಳು ಇಡೀ ಪ್ರಚಾರವನ್ನೇ ಕಟ್ಟಿದರು.

ಎಚ್ಚರಿಕೆ: 'ಪೂರ್ತಿ ವಿಡಿಯೊ' ಎಂದು ಹೆಸರಿಟ್ಟು ಎರಡು ನಿಮಿಷದ್ದನ್ನು ಹಾಕಿರುತ್ತಾರೆ. ನಡುವೆ ದೃಶ್ಯ ಚಕ್ಕನೆ ಜಿಗಿದರೆ, ಹಿಂದಿನ ಜನರ ಸದ್ದು ಥಟ್ಟನೆ ನಿಂತು ಮತ್ತೆ ಶುರುವಾದರೆ ಅಲ್ಲಿ ಕತ್ತರಿ ಬಿದ್ದಿದೆ ಎಂದರ್ಥ.

ಹಂತ 2: ಕೇಳಿದ ಪ್ರಶ್ನೆ ಏನಿತ್ತು?

ಓದುಗರು ಅತಿ ಹೆಚ್ಚು ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾಯಕರು ಹೆಲಿಪ್ಯಾಡ್‌ನಲ್ಲಿ ಇಳಿದು ಕಾರಿನತ್ತ ನಡೆಯುವ ದೃಶ್ಯ ನೆನಪಿಸಿಕೊಳ್ಳಿ. ಎದೆಯ ಮಟ್ಟಕ್ಕೆ ಹತ್ತು ಹದಿನೈದು ಚಾನೆಲ್ ಲೋಗೊಗಳು ಒತ್ತಿಕೊಂಡಿರುತ್ತವೆ. ಎಲ್ಲ ಮೈಕ್‌ಗಳೂ ನಾಯಕರತ್ತ ಮುಖ ಮಾಡಿರುವುದರಿಂದ ಅವರ ಉಸಿರೂ ಕೇಳಿಸುತ್ತದೆ. ಪ್ರಶ್ನೆ ಕೇಳುವ ವರದಿಗಾರರ ದನಿ ಮಾತ್ರ ದೂರದಲ್ಲೆಲ್ಲೋ ಗೊಣಗಿದಂತೆ ಇರುತ್ತದೆ. ಸ್ಟುಡಿಯೊದಲ್ಲಿ ಎಡಿಟ್ ಮಾಡುವವರು ಕೇಳಿಸದ ಆ ಭಾಗವನ್ನು ಮೊದಲು ತೆಗೆಯುತ್ತಾರೆ. ಪ್ರಶ್ನೆ ಹೋಯಿತು, ಉತ್ತರ ಉಳಿಯಿತು. ಉತ್ತರವಾಗಿ ಬಂದ ಮಾತು ಈಗ 'ಹೇಳಿಕೆ' ಆಯಿತು. ಇಯರ್‌ಫೋನ್ ಹಾಕಿಕೊಳ್ಳಿ ಎಂದದ್ದು ಈ ಗೊಣಗು ದನಿಗಾಗಿ.

2023ರ ಏಪ್ರಿಲ್‌ನಲ್ಲಿ ನಡೆದದ್ದು ಹೀಗೆಯೇ. ಬಿಜೆಪಿ ಲಿಂಗಾಯತ ಮುಖ್ಯಮಂತ್ರಿ ಅಭ್ಯರ್ಥಿಯನ್ನು ಬಿಂಬಿಸುವ ಮಾತಾಡುತ್ತಿದೆಯಲ್ಲ ಎಂದು ವರದಿಗಾರರು ಸಿದ್ದರಾಮಯ್ಯನವರನ್ನು ಕೇಳಿದರು. ಈಗಾಗಲೇ ಲಿಂಗಾಯತ ಮುಖ್ಯಮಂತ್ರಿ ಇದ್ದಾರಲ್ಲ, ಅವರೇ ಭ್ರಷ್ಟಾಚಾರದ ಮೂಲ ಎಂಬ ಅರ್ಥದಲ್ಲಿ ಅವರು ಉತ್ತರಿಸಿದರು. ಪ್ರಶ್ನೆಯ ಜೊತೆ ಕೇಳಿದರೆ ಇದು ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರ ಮೇಲಿನ ಆರೋಪ. ಪ್ರಶ್ನೆ ತೆಗೆದರೆ ಲಿಂಗಾಯತ ಮುಖ್ಯಮಂತ್ರಿಗಳೆಲ್ಲ ಭ್ರಷ್ಟರು ಎಂದಂತೆ ಕೇಳಿಸುತ್ತದೆ. ಒಂದು ಸಮುದಾಯಕ್ಕೇ ಅವಮಾನ ಎಂದು ಎದುರಾಳಿಗಳು ಎದ್ದರು, ನಾನು ಹೇಳಿದ್ದು ಬೊಮ್ಮಾಯಿಯವರೊಬ್ಬರನ್ನೇ ಎಂದು ಇವರು ಸ್ಪಷ್ಟನೆ ಕೊಟ್ಟರು. ಭ್ರಷ್ಟಾಚಾರದ ಆರೋಪ ನಿಜವೋ ಸುಳ್ಳೋ ಎಂಬ ಅಸಲಿ ಪ್ರಶ್ನೆ ಹಿಂದಕ್ಕೆ ಸರಿಯಿತು.

ಹಂತ 3: ಆ ಪದ ಅವರ ಬಾಯಿಂದಲೇ ಬಂತೇ?

ಹಾಸ್ಯಾಸ್ಪದ ಪ್ರಶ್ನೆ ಎನ್ನಿಸಬಹುದು. ಆದರೆ 2023ರ ಮೇ 6ರ ಹುಬ್ಬಳ್ಳಿ ಸಭೆಯನ್ನು ನೋಡಿ. ಸೋನಿಯಾ ಗಾಂಧಿ ಹಿಂದಿಯಲ್ಲಿ ಭಾಷಣ ಮಾಡಿದರು. ಆಮೇಲೆ ಕಾಂಗ್ರೆಸ್‌ನ ಅಧಿಕೃತ ಖಾತೆಯಲ್ಲಿ ಅವರ ಹೆಸರಿನಲ್ಲಿ ಇಂಗ್ಲಿಷ್‌ನಲ್ಲಿ ಒಂದು ಟ್ವೀಟ್ ಬಂತು: ಕರ್ನಾಟಕದ ಘನತೆ, ಸಾರ್ವಭೌಮತ್ವ, ಸಮಗ್ರತೆಗೆ ಧಕ್ಕೆ ತರಲು ಯಾರಿಗೂ ಬಿಡುವುದಿಲ್ಲ ಎಂದು. 'ಸಾರ್ವಭೌಮತ್ವ' ಎಂಬುದು ದೇಶಕ್ಕೆ ಬಳಸುವ ಪದ, ರಾಜ್ಯಕ್ಕಲ್ಲ. ಮರುದಿನವೇ ನಂಜನಗೂಡಿನ ಸಭೆಯಲ್ಲಿ ಪ್ರಧಾನಿ ಮೋದಿ ಅದನ್ನೆತ್ತಿಕೊಂಡು, ಕರ್ನಾಟಕವನ್ನು ಭಾರತದಿಂದ ಬೇರ್ಪಡಿಸುವ ಮಾತು ಎಂದು ಟೀಕಿಸಿದರು. ಮೇ 8ರಂದು ಚುನಾವಣಾ ಆಯೋಗ ಮಲ್ಲಿಕಾರ್ಜುನ ಖರ್ಗೆ ಅವರಿಂದ ಸ್ಪಷ್ಟನೆ ಕೇಳಿತು. ಮತದಾನಕ್ಕೆ ಉಳಿದಿದ್ದದ್ದು ಎರಡೇ ದಿನ. ಭಾಷಣದ ವಿಡಿಯೊ ಕೇಳಿದವರಿಗೆ ಅದರಲ್ಲಿ ಆ ಪದ ಸಿಗಲಿಲ್ಲ. ಅದು ಬಂದದ್ದು ಪಕ್ಷದ ಟ್ವೀಟ್‌ನಲ್ಲಿ.

ಇದರಲ್ಲಿ ಪಕ್ಷದ ಹೊಣೆ ಇಲ್ಲವೇ? ಇದೆ, ಅಧಿಕೃತ ಖಾತೆಯಲ್ಲಿ ಬರೆದದ್ದಕ್ಕೆ ಪಕ್ಷವೇ ಉತ್ತರ ಕೊಡಬೇಕು. ಆದರೆ 'ಆಕೆ ಹೀಗಂದರು' ಎಂಬುದು ಬೇರೆ ಸಂಗತಿ. ಯಾರ ತಪ್ಪು ಎಂದು ಸರಿಯಾಗಿ ಗುರುತಿಸುವುದಕ್ಕೇ ಈ ಹಂತ ಇರುವುದು.

ಅನುವಾದಕರ ತಪ್ಪನ್ನೂ ಇದೇ ಹಂತದಲ್ಲಿ ನೋಡಿ. ದಿಲ್ಲಿಯಿಂದ ಬರುವ ನಾಯಕರ ಪಕ್ಕದಲ್ಲಿ ಕನ್ನಡಕ್ಕೆ ಅನುವಾದಿಸುವವರು ನಿಂತಿರುತ್ತಾರಲ್ಲ, ಬಿಸಿಲು, ಗದ್ದಲ, ಅವಸರದಲ್ಲಿ ಅವರ ಬಾಯಿಯೂ ತಪ್ಪುತ್ತದೆ. 2018ರ ಮಾರ್ಚ್ ಕೊನೆಯಲ್ಲಿ ಚಳ್ಳಕೆರೆಯಲ್ಲಿ ಅಮಿತ್ ಶಾ ಸಿದ್ದರಾಮಯ್ಯ ಸರ್ಕಾರವನ್ನು ಟೀಕಿಸಿದರೆ, ಕನ್ನಡಕ್ಕೆ ತಂದ ಪ್ರಲ್ಹಾದ ಜೋಶಿ ಅವರ ಬಾಯಲ್ಲಿ ಅದು ಮೋದಿಯವರ ಮೇಲಿನ ಟೀಕೆಯಾಗಿ ಬಂದುಬಿಟ್ಟಿತು. ಹೀಗಾಗಿ ಅನುವಾದದ ಸಭೆಯಾದರೆ ಎರಡೂ ದನಿಗಳನ್ನು ಕೇಳಿ.

ಹಂತ 4: ಯಾವ ಸೀಮೆಯ ಕನ್ನಡ, ಯಾರ ಜೊತೆ ಆಡಿದ ಮಾತು?

ಕನ್ನಡದ ಸುದ್ದಿಯಲ್ಲಿ ಆಗಾಗ ಸಿಗುವ ಒಂದು ಶೀರ್ಷಿಕೆ ಇದೆ: 'ಏಕವಚನದಲ್ಲೇ ವಾಗ್ದಾಳಿ'. ಡೆಸ್ಕ್‌ನಲ್ಲಿದ್ದ ಆರಂಭದ ದಿನಗಳಲ್ಲಿ ನಾನೂ ಇಂಥದ್ದನ್ನು ಕೊಟ್ಟಿದ್ದೇನೆ. ಹಳೇ ಮೈಸೂರಿನ ನಾಯಕರೊಬ್ಬರು ವೇದಿಕೆ ಮೇಲಿದ್ದ ತಮ್ಮದೇ ಪಕ್ಷದ ಹಳೆಯ ಗೆಳೆಯನಿಗೆ 'ಏಯ್, ಕೂತ್ಕೊಳಯ್ಯ ಸುಮ್ನೆ' ಎಂದಿದ್ದನ್ನು 'ಗದರಿದರು' ಎಂದು ಬರೆದೆ. ಮರುದಿನ ಆ ಗೆಳೆಯರೇ ಕಚೇರಿಗೆ ಫೋನ್ ಮಾಡಿ, 'ನಮ್ಮಿಬ್ಬರ ಮಧ್ಯೆ ನಲವತ್ತು ವರ್ಷದಿಂದ ಇದೇ ಮಾತು, ನೀವ್ಯಾಕೆ ಜಗಳ ಹಚ್ಚುತ್ತೀರಿ' ಎಂದರು. ತಪ್ಪು ನನ್ನದೇ ಆಗಿತ್ತು. ಅಂದಿನಿಂದ ಏಕವಚನ ಕಂಡರೆ ಎರಡು ಸಲ ಕೇಳುತ್ತೇನೆ.

ಮಂಡ್ಯ, ಮೈಸೂರು ಕಡೆ 'ಬಾರಯ್ಯ', 'ಹೋಗಯ್ಯ' ಸಲಿಗೆಯ ಮಾತು. ಧಾರವಾಡದ ಕಡೆ ಗೆಳೆಯರ ನಡುವಿನ 'ಲೇ' ಬೈಗುಳವಲ್ಲ. 'ಮಗನೇ' ಎಂಬುದು ಮುದ್ದೂ ಆಗುತ್ತದೆ, ಬೈಗುಳವೂ ಆಗುತ್ತದೆ. ಅದನ್ನು ತೀರ್ಮಾನಿಸುವುದು ದನಿ, ಅಕ್ಷರವಲ್ಲ. ಪರೀಕ್ಷೆ ಸುಲಭ: ಆ ಮಾತು ಕೇಳಿಸಿಕೊಂಡವರ ಮುಖ ನೋಡಿ. ನಕ್ಕರೇ, ತಲೆ ತಗ್ಗಿಸಿದರೇ?

ಇಲ್ಲೇ ಇನ್ನೊಂದು ಮಾತು. ಅಹವಾಲು ಹಿಡಿದು ಬಂದ ಹೆಣ್ಣುಮಗಳಿಗೋ, ಎದುರಾಡಲಾಗದ ಸಣ್ಣ ನೌಕರರಿಗೋ ಅದೇ ಏಕವಚನ ಬಳಸಿದರೆ 'ನಮ್ಮ ಸೀಮೆಯ ಭಾಷೆ' ಎಂಬ ಸಮಜಾಯಿಷಿ ನಡೆಯುವುದಿಲ್ಲ. ಸಲಿಗೆ ಎರಡೂ ಕಡೆಯಿಂದ ಇರಬೇಕು. ಒಂದೇ ಕಡೆಯಿಂದ ಇದ್ದರೆ ಅದು ದರ್ಪ, ಅದು ಸುದ್ದಿಯಾಗಲೇಬೇಕು. ಜಾತಿ ಹಿಡಿದು ಹೀಗಳೆಯುವ ಗಾದೆಗಳಿಗೂ ಇದೇ ನಿಯಮ. ಹಳೆಯ ಗಾದೆ ಎಂಬ ಕಾರಣಕ್ಕೆ ಅವು ತೊಳೆದು ಹೋಗುವುದಿಲ್ಲ.

ತಾಯ್ನುಡಿಯಲ್ಲದ ಭಾಷೆಯಲ್ಲಿ ಮಾತಾಡಿದ್ದಾರೆಯೇ ಎಂದೂ ನೋಡಿ. 2017ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್‌ನ ಮಣಿಶಂಕರ್ ಅಯ್ಯರ್ ಮೋದಿಯವರನ್ನು ಹಿಂದಿಯಲ್ಲಿ 'ನೀಚ್' ಎಂದರು. ಹಿಂದಿ ನನ್ನ ಮಾತೃಭಾಷೆಯಲ್ಲ, ಇಂಗ್ಲಿಷ್‌ನಲ್ಲಿ ಯೋಚಿಸಿ 'ಕೀಳುಮಟ್ಟ' ಎಂಬರ್ಥದಲ್ಲಿ ಬಳಸಿದೆ ಎಂದು ಆಮೇಲೆ ಹೇಳಿದರು. ಪಕ್ಷ ಅವರನ್ನು ಅಮಾನತು ಮಾಡಿತು. ಈ ಪ್ರಕರಣದಲ್ಲಿ ಭಾಷೆಯ ನೆಪ ಪೂರ್ತಿ ಒಪ್ಪುವಂಥದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಯಾವ ಅರ್ಥದಲ್ಲಿ ತೆಗೆದುಕೊಂಡರೂ ಅದು ನೀತಿಯ ಟೀಕೆಯಾಗಿರಲಿಲ್ಲ, ವ್ಯಕ್ತಿಯ ಹೀಯಾಳಿಕೆಯಾಗಿತ್ತು.

ಹಂತ 5: ಶೀರ್ಷಿಕೆಯ ಕ್ರಿಯಾಪದ ಬದಲಿಸಿ ಓದಿ

ಸಣ್ಣ ಕೆಲಸ, ದೊಡ್ಡ ಪರಿಣಾಮ. 'ಕಿಡಿಕಾರಿದರು', 'ಗುಡುಗಿದರು', 'ಲೇವಡಿ ಮಾಡಿದರು', 'ಬಾಂಬ್ ಸಿಡಿಸಿದರು' ಎಂದಿದ್ದಲ್ಲೆಲ್ಲ 'ಹೇಳಿದರು' ಎಂದು ಹಾಕಿ ಓದಿ. ಆಮೇಲೂ ಸುದ್ದಿ ಉಳಿದರೆ ಮುಂದೆ ಹೋಗಿ. ಎಷ್ಟೋ ಸಲ ಉಳಿಯುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆಯಿಂದ ಮುಗಿಯುವ 'ಹೀಗಂದುಬಿಟ್ರಾ?' ಮಾದರಿಯ ಶೀರ್ಷಿಕೆ ಕಂಡರೆ, ಬರೆದವರಿಗೇ ಖಾತ್ರಿಯಿಲ್ಲ ಎಂದುಕೊಳ್ಳಿ.

ಹಂತ 6: ಈಗ ತೂಗಿ ನೋಡಿ

ಮೂರು ಬುಟ್ಟಿ ಇಟ್ಟುಕೊಳ್ಳಿ.

ಮೊದಲನೆಯದು ಶುದ್ಧ ಬಾಯಿತಪ್ಪು. 2018ರ ಮಾರ್ಚ್ 27ರಂದು ದಾವಣಗೆರೆಯ ಪತ್ರಿಕಾಗೋಷ್ಠಿಯಲ್ಲಿ ಅಮಿತ್ ಶಾ, ಭ್ರಷ್ಟಾಚಾರದಲ್ಲಿ ಸ್ಪರ್ಧೆ ಇಟ್ಟರೆ ಯಡಿಯೂರಪ್ಪ ಸರ್ಕಾರಕ್ಕೇ ಮೊದಲ ಸ್ಥಾನ ಎಂದುಬಿಟ್ಟರು. ಪಕ್ಕದವರು ಪಿಸುಗುಟ್ಟಿದ ಕೂಡಲೇ ಸಿದ್ದರಾಮಯ್ಯ ಸರ್ಕಾರ ಎಂದು ತಿದ್ದಿಕೊಂಡರು. ಅದೇ ಚುನಾವಣೆಯಲ್ಲಿ ಮಳವಳ್ಳಿಯಲ್ಲಿ ಸಿದ್ದರಾಮಯ್ಯ ತಮ್ಮ ಅಭ್ಯರ್ಥಿ ನರೇಂದ್ರಸ್ವಾಮಿ ಎನ್ನಲು ಹೋಗಿ ನರೇಂದ್ರ ಮೋದಿ ಎಂದು, ಆಮೇಲೆ ಸರಿಪಡಿಸಿಕೊಂಡರು. ದಿನಕ್ಕೆ ಐದಾರು ಸಭೆ ಮಾಡುವವರ ನಾಲಿಗೆಗೆ ಇಷ್ಟು ರಿಯಾಯಿತಿ ಕೊಡಬೇಕು. ಇವೆರಡರಿಂದಲೂ ಮತದಾರನಿಗೆ ತಿಳಿಯುವುದು ಏನೂ ಇಲ್ಲ. ಉಚ್ಚಾರಣೆಯ ತಡವರಿಕೆಯೂ ಇದೇ ಬುಟ್ಟಿಗೆ. ರಾಹುಲ್ ಗಾಂಧಿ ವಿಶ್ವೇಶ್ವರಯ್ಯ ಹೆಸರಿಗೆ ತಡವರಿಸಿದ್ದನ್ನು ಮೋದಿ 2018ರ ಮೇ 1ರಂದು ಸಂತೇಮರಹಳ್ಳಿಯಲ್ಲಿ, ಆ ಹೆಸರನ್ನು ಐದು ಸಲ ಹೇಳಿ ನೋಡೋಣ ಎಂಬ ಸವಾಲಾಗಿಸಿದರು. ಆ ಮಹನೀಯರು ಕಟ್ಟಿದ ಅಣೆಕಟ್ಟೆಯ ನಾಡಿನಲ್ಲಿ ನೀರಿನ ಬಗ್ಗೆ ಆಗಬೇಕಿದ್ದ ಚರ್ಚೆ ಉಚ್ಚಾರಣೆಯ ಚರ್ಚೆಯಾಯಿತು.

ಎರಡನೆಯದು ಆವೇಶದ ಮಾತು. 2023ರ ಏಪ್ರಿಲ್ 27ರಂದು ಗದಗ ಜಿಲ್ಲೆಯ ನರೇಗಲ್‌ನಲ್ಲಿ ಖರ್ಗೆಯವರು ಮೋದಿಯವರನ್ನು ವಿಷದ ಹಾವಿಗೆ ಹೋಲಿಸಿದರು. ನಾನು ಹೇಳಿದ್ದು ಆ ಪಕ್ಷದ ಸಿದ್ಧಾಂತವನ್ನು, ವ್ಯಕ್ತಿಯನ್ನಲ್ಲ ಎಂದು ಅನಂತರ ಹೇಳಿ ವಿಷಾದ ವ್ಯಕ್ತಪಡಿಸಿದರು. ಮರುದಿನವೇ ಆಗ ಬಿಜೆಪಿಯಲ್ಲಿದ್ದ ಬಸನಗೌಡ ಪಾಟೀಲ ಯತ್ನಾಳ ಸೋನಿಯಾ ಗಾಂಧಿಯವರನ್ನು ವಿಷಕನ್ಯೆ ಎಂದರು. ಏಪ್ರಿಲ್ 29ರಂದು ಹುಮನಾಬಾದಿನಲ್ಲಿ ಪ್ರಧಾನಿ, ಕಾಂಗ್ರೆಸ್‌ನವರು ತನ್ನನ್ನು 91 ಸಲ ಬೈದಿದ್ದಾರೆ ಎಂದು ಲೆಕ್ಕ ಕೊಟ್ಟರು. ಮೂರೇ ದಿನದಲ್ಲಿ ಹಾವು, ವಿಷ, ಬೈಗುಳದ ಪಟ್ಟಿ! ಇಂಥ ಮಾತನ್ನು ತಪ್ಪು ಎಂದು ಹೇಳಿ. ಆಡಿದವರು ವಿಷಾದಿಸಿದರೇ ಎಂಬುದನ್ನೂ ಅಷ್ಟೇ ದೊಡ್ಡದಾಗಿ ಹೇಳಿ. ಅಲ್ಲಿಗೆ ಬಿಡಿ.

ಮೂರನೆಯದು ಮನದ ಮಾತು, ಇದನ್ನು ಬಿಡಬಾರದು. ಗುರುತು ಮೂರು: ಅದು ಅಧಿಕಾರದಲ್ಲಿ ಏನು ಮಾಡುತ್ತೇವೆ ಎಂಬ ಕುರಿತಾಗಿರುತ್ತದೆ, ಮತ್ತೆ ಮತ್ತೆ ಬರುತ್ತದೆ, ಕೇಳುವವರ ಚಪ್ಪಾಳೆಗೆ ಲೆಕ್ಕ ಹಾಕಿ ಆಡಿದಂತಿರುತ್ತದೆ. ಅನಂತಕುಮಾರ ಹೆಗಡೆ ಕೇಂದ್ರ ಸಚಿವರಾಗಿದ್ದಾಗ, 2017ರ ಡಿಸೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಕುಕನೂರಿನಲ್ಲಿ ಸಂವಿಧಾನ ಬದಲಿಸುವ ಮಾತಾಡಿದರು, ಲೋಕಸಭೆಯಲ್ಲಿ ಕ್ಷಮೆ ಕೇಳಿದರು. 2024ರ ಮಾರ್ಚ್‌ನಲ್ಲಿ ಮತ್ತೆ ಅದೇ ಸಂವಿಧಾನ ತಿದ್ದುವ ಮಾತು ಬಂತು. ಇದನ್ನು 'ಬಾಯಿತಪ್ಪು' ಎನ್ನಲಾಗದು. 2019ರ ಫೆಬ್ರುವರಿಯಲ್ಲಿ ಬಾಲಾಕೋಟ್ ದಾಳಿಯ ಬೆನ್ನಲ್ಲೇ, ಇದರಿಂದ ರಾಜ್ಯದಲ್ಲಿ 22ಕ್ಕೂ ಹೆಚ್ಚು ಸೀಟು ಗೆಲ್ಲಲು ಅನುಕೂಲ ಎಂದು ಯಡಿಯೂರಪ್ಪ ಚಿತ್ರದುರ್ಗದಲ್ಲಿ ಹೇಳಿದ್ದನ್ನೂ ನಾನು ಈ ಬುಟ್ಟಿಗೇ ಹಾಕುತ್ತೇನೆ. ಮಾತನ್ನು ತಿರುಚಲಾಗಿದೆ ಎಂದು ಅವರು ಆಮೇಲೆ ಹೇಳಿದರೂ, ಸೈನಿಕ ಕಾರ್ಯಾಚರಣೆಯನ್ನು ಸೀಟಿನ ಲೆಕ್ಕದಲ್ಲಿ ನೋಡಿದ್ದು ಪದದ ತಪ್ಪಲ್ಲ, ಯೋಚನೆಯದು.

ಎಚ್ಚರಿಕೆ: ನಿಮಗಿಷ್ಟದ ಪಕ್ಷದವರ ಮಾತೆಲ್ಲ ಮೊದಲ ಬುಟ್ಟಿಗೆ, ಎದುರು ಪಕ್ಷದವರದ್ದೆಲ್ಲ ಮೂರನೆಯದಕ್ಕೆ ಬೀಳುತ್ತಿದ್ದರೆ ನಿಂತು ನೋಡಿ. ಹೇಳಿದವರ ಹೆಸರು ಮುಚ್ಚಿ, ಎದುರಾಳಿಯ ಹೆಸರು ಹಾಕಿ ಅದೇ ವಾಕ್ಯವನ್ನು ಇನ್ನೊಮ್ಮೆ ಓದಿ.

ಒಂದು ವಾಕ್ಯದ ಬೆಲೆ ಎಷ್ಟಾಗಬಹುದು ಎಂಬುದು ನಮ್ಮ ಕೋಲಾರಕ್ಕೆ ಗೊತ್ತು. 2019ರ ಏಪ್ರಿಲ್ 13ರಂದು ಅಲ್ಲಿ ರಾಹುಲ್ ಗಾಂಧಿ ಮೋದಿ ಎಂಬ ಉಪನಾಮದ ಬಗ್ಗೆ ಆಡಿದ ಮಾತಿಗೆ ಸೂರತ್ ನ್ಯಾಯಾಲಯ 2023ರ ಮಾರ್ಚ್ 23ರಂದು ಎರಡು ವರ್ಷದ ಶಿಕ್ಷೆ ವಿಧಿಸಿತು, ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಗರಿಷ್ಠ ಶಿಕ್ಷೆಗೆ ಕಾರಣ ಕೊಟ್ಟಿಲ್ಲ ಎಂದು ಹೇಳಿದ ಅದೇ ಕೋರ್ಟ್, ಮಾತು ಸದಭಿರುಚಿಯದ್ದಾಗಿರಲಿಲ್ಲ, ಸಾರ್ವಜನಿಕ ಜೀವನದಲ್ಲಿರುವವರು ಎಚ್ಚರ ವಹಿಸಬೇಕು ಎಂದೂ ಹೇಳಿತು. ಎರಡನ್ನೂ ಒಟ್ಟಿಗೆ ಹೇಳಲು ಸಾಧ್ಯ ಎಂಬುದನ್ನು ಗಮನಿಸಿ.

ಹಂತ 7: ನಿಜಕ್ಕೂ ತಪ್ಪೆನಿಸಿದರೆ ದೂರು ಕೊಡಿ

ಚುನಾವಣಾ ಆಯೋಗದ ಮಾದರಿ ನೀತಿ ಸಂಹಿತೆ ಎಂದರೆ ಚುನಾವಣೆ ಘೋಷಣೆಯಾದ ದಿನದಿಂದ ಪಕ್ಷಗಳು ಪಾಲಿಸಬೇಕಾದ ನಡತೆಯ ನಿಯಮಗಳು. ಟೀಕೆ ಎದುರಾಳಿಯ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸಕ್ಕೆ ಸೀಮಿತವಾಗಿರಬೇಕು, ಖಾಸಗಿ ಬದುಕನ್ನು ಎಳೆಯಬಾರದು, ಜಾತಿ ಮತದ ಹೆಸರಲ್ಲಿ ಮತ ಕೇಳಬಾರದು ಎನ್ನುತ್ತದೆ ಅದು. ಅಭ್ಯರ್ಥಿಯ ವೈಯಕ್ತಿಕ ಚಾರಿತ್ರ್ಯದ ಬಗ್ಗೆ ಗೊತ್ತಿದ್ದೂ ಸುಳ್ಳು ಹಬ್ಬಿಸುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ 'ಭ್ರಷ್ಟ ಆಚರಣೆ', ಅಂದರೆ ಗೆದ್ದವರ ಆಯ್ಕೆಯೇ ರದ್ದಾಗಬಹುದಾದ ತಪ್ಪು.

ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು ಕೊಟ್ಟರೆ ನೂರು ನಿಮಿಷದೊಳಗೆ ಕ್ರಮದ ಮಾಹಿತಿ ಕೊಡಬೇಕೆಂಬ ವ್ಯವಸ್ಥೆ ಇದೆ. ಆದರೆ ಅಲ್ಲಿ ಸ್ಥಳದಲ್ಲೇ ಆ್ಯಪ್ ಮೂಲಕ ತೆಗೆದ ಫೋಟೊ, ವಿಡಿಯೊ ಮಾತ್ರ ನಡೆಯುತ್ತದೆ. ನಿಮ್ಮ ಗ್ಯಾಲರಿಯಲ್ಲಿರುವ ಫಾರ್ವರ್ಡ್ ವಿಡಿಯೊ ಹಾಕಲು ಬರುವುದಿಲ್ಲ. ಎಷ್ಟೋ ಜನ ಇಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ. ಅಂಥವರು 1950 ಸಹಾಯವಾಣಿಗೆ ಕರೆ ಮಾಡಿ, ಅಥವಾ ಜಿಲ್ಲಾ ಚುನಾವಣಾಧಿಕಾರಿಗೆ ಲಿಖಿತವಾಗಿ ಕೊಡಿ.

ತಪ್ಪು ನಾಯಕರದ್ದಲ್ಲ, ತಿರುಚಿದ ಮಾಧ್ಯಮದ್ದು ಎಂದಾದರೆ ಮೊದಲು ಆ ಸಂಪಾದಕರಿಗೇ ಬರೆಯಿರಿ. ಪತ್ರಿಕೆಯಾದರೆ ಮುಂದಿನ ಮೆಟ್ಟಿಲು ಭಾರತೀಯ ಪತ್ರಿಕಾ ಮಂಡಳಿ. ಬರೆಯುವಾಗ ಸಿಟ್ಟು ಬೇಡ. ಶೀರ್ಷಿಕೆಯಲ್ಲಿ ಏನಿದೆ, ಪೂರ್ತಿ ಭಾಷಣದ ಎಷ್ಟನೇ ನಿಮಿಷದಲ್ಲಿ ಏನಿದೆ, ಎರಡೇ ಸಾಲು ಸಾಕು. ಡೆಸ್ಕ್‌ನಲ್ಲಿ ಕೂತವರು ನಿಮಿಷ ಸೆಕೆಂಡು ನಮೂದಿಸಿದ ಪತ್ರವನ್ನು ತಳ್ಳಿಹಾಕುವುದು ಕಷ್ಟ.

ಹಂತ 8: ಈಗಾಗಲೇ ಫಾರ್ವರ್ಡ್ ಮಾಡಿಬಿಟ್ಟಿದ್ದರೆ

ಅಳಿಸಿ ಸುಮ್ಮನಾಗಬೇಡಿ. ಅಷ್ಟರಲ್ಲಿ ಅದು ಇನ್ನೆಷ್ಟು ಗುಂಪಿಗೆ ಹೋಗಿರುತ್ತದೋ. ಅದೇ ಗುಂಪಿನಲ್ಲಿ, ಅದೇ ಸಂದೇಶಕ್ಕೆ ಉತ್ತರವಾಗಿ ಹೀಗೆ ಬರೆಯಿರಿ: 'ಬೆಳಿಗ್ಗೆ ನಾನು ಹಾಕಿದ ವಿಡಿಯೊ ಅರ್ಧ ಮಾತ್ರ ಇತ್ತು. ಪೂರ್ತಿ ಭಾಷಣ ಇಲ್ಲಿದೆ, 22ನೇ ನಿಮಿಷದಿಂದ ಕೇಳಿ. ಮುಂದೆ ಕಳಿಸಿದ್ದರೆ ದಯವಿಟ್ಟು ಅಲ್ಲೂ ಇದನ್ನು ಹಾಕಿ.' ಮನೆಯ ಗುಂಪಿನಲ್ಲಿ ದೊಡ್ಡಪ್ಪನೋ ಚಿಕ್ಕಮ್ಮನೋ ಹಾಕಿದ್ದರೆ ಎಲ್ಲರೆದುರು ತಿದ್ದುವುದಕ್ಕಿಂತ ಫೋನ್ ಮಾಡಿ ಹೇಳಿ, ಅವರ ಕೈಯಿಂದಲೇ ತಿದ್ದುಪಡಿ ಹಾಕಿಸಿ. ನೀವು ಹಾಕಿದ್ದಕ್ಕಿಂತ ಅವರು ಹಾಕಿದ್ದನ್ನು ಆ ಗುಂಪಿನಲ್ಲಿ ಹೆಚ್ಚು ಜನ ತೆರೆದು ನೋಡುತ್ತಾರೆ.